ದೂರುವ ಮೊದಲು ಅಳೆಯೋಣ

‘ಸ್ಲೋ’ ಎನ್ನುವುದು ಈಗ ಭಾರತದ ಎಲ್ಲ ಭಾಷೆಗಳಿಗೂ ಸೇರಿದ ಪದ. ಪುಣೆಯ ನನ್ನ ಆಫೀಸಿನಲ್ಲಿ ‘ಸರ್ವರ್ ಸ್ಲೋ ಆಹೆ’ ಎನ್ನುತ್ತಾರೆ. ಹೈದರಾಬಾದಿನ ತಂಡದವರು ಫೋನಿನಲ್ಲಿ ‘ಚಾಲಾ ಸ್ಲೋಗಾ ಉಂದಿ’ ಎನ್ನುತ್ತಾರೆ. ಚೆನ್ನೈನವರಿಗೆ ಅದು ‘ರೊಂಬ ಸ್ಲೋ’, ದಿಲ್ಲಿಯವರಿಗೆ ‘ಬಹುತ್ ಸ್ಲೋ’. ನಾವು ಕನ್ನಡಿಗರೂ ಮನೆಗೆ ಫೋನ್ ಮಾಡಿ ‘ಸಿಸ್ಟಮ್ ಸ್ಲೋ ಇತ್ತು, ಹೊರಡೋದು ತಡ ಆಯ್ತು’ ಅನ್ನುತ್ತೇವೆ. ಯಾವ ಭಾಷೆಯಲ್ಲಿ ಹೇಳಿದರೂ ಈ ಪದ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ನಿಧಾನ ಎಲ್ಲಿದೆ? ಎಷ್ಟಿದೆ?

ಈ ಎರಡು ಪ್ರಶ್ನೆಗಳನ್ನು ಯಾರೂ ಕೇಳದೇ ಹೋದಾಗ ಮೂರನೆಯ ಪ್ರಶ್ನೆಯೊಂದು ತಾನಾಗಿಯೇ ಎದ್ದು ನಿಲ್ಲುತ್ತದೆ: ತಪ್ಪು ಯಾರದು? ಆಗ ನೀರು ತಗ್ಗಿಗೆ ಹರಿಯುವ ಹಾಗೆ ದೂರು ಕೂಡ ಕೆಳಗಿನವರ ಕಡೆಗೆ ಹರಿಯುತ್ತದೆ. ನೈಟ್ ಶಿಫ್ಟಿನ ಹುಡುಗ, ಕಾಂಟ್ರ್ಯಾಕ್ಟಿನ ಹುಡುಗಿ, ಮೀಟಿಂಗಿನಲ್ಲಿ ಹಿಂದಿ ತಡವರಿಸುವ ಹೊಸಬ, ಇವರ ಹತ್ತಿರ ಬಂದು ಅದು ನಿಲ್ಲುತ್ತದೆ. ಹೊರ ರಾಜ್ಯಗಳ ಐ.ಟಿ. ಕಂಪನಿಗಳಲ್ಲಿ ದುಡಿಯುವ ನಮ್ಮವರು ಬಹಳಷ್ಟು ಮಂದಿ ಸಪೋರ್ಟ್, ಆಪರೇಷನ್ಸ್, ಸ್ಟೋರೇಜ್, ನೆಟ್‌ವರ್ಕ್ ಕೆಲಸಗಳಲ್ಲಿ ಇದ್ದಾರೆ. ಹಾಗಾಗಿ ಇದು ಬರೀ ತಾಂತ್ರಿಕ ವಿಷಯವಲ್ಲ. ಕಮಾಂಡ್ ಲೈನಿನಲ್ಲಿ ನಾಲ್ಕು ಅಂಕಿಗಳನ್ನು ಓದಲು ಬರುವುದು ನಮ್ಮ ಮರ್ಯಾದೆ ಉಳಿಸಿಕೊಳ್ಳುವ ಒಂದು ದಾರಿ ಎಂದು ನಾನು ನಂಬಿದ್ದೇನೆ. ಈ ಲೇಖನ ಅದರ ಪರವಾಗಿ ಒಂದು ವಾದ.

ಮೊದಲು ವಿಷಯ ಏನೆಂದು ನೋಡೋಣ. ಆಫೀಸಿನಲ್ಲಿ ಎಲ್ಲರೂ ಬಳಸುವ ‘ಶೇರ್’ ಅಥವಾ ‘ಕಾಮನ್ ಡ್ರೈವ್’ ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಬೇರೆ ಎಲ್ಲೋ ಇರುವ ಸರ್ವರಿನ ಡಿಸ್ಕಿನಲ್ಲಿ ಇರುತ್ತದೆ. ಆದರೆ ನೋಡುವವರಿಗೆ ತಮ್ಮದೇ ಫೋಲ್ಡರಿನಂತೆ ಕಾಣುತ್ತದೆ. ಈ ಸೌಕರ್ಯವನ್ನು ಜನಪ್ರಿಯಗೊಳಿಸಿದ್ದು ಸನ್ ಮೈಕ್ರೊಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್. ವಿಂಡೋಸ್ ಲೋಕದಲ್ಲಿ ಇದೇ ಕೆಲಸ ಮಾಡುವುದು ಎಸ್‌ಎಂಬಿ. ಲಿನಕ್ಸ್ ಮತ್ತು ಯುನಿಕ್ಸ್ ಯಂತ್ರಗಳಿಗೂ ಎಸ್‌ಎಂಬಿ ಮಾತು ಕಲಿಸಿದ್ದು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಹೊರತಂದ ಸಾಂಬಾ.

ದೂರದಲ್ಲಿರುವ ಫೈಲನ್ನು ಹತ್ತಿರದಲ್ಲಿದೆ ಎಂದು ತೋರಿಸುವುದೇ ಇದರ ಹೆಗ್ಗಳಿಕೆ. ತೊಂದರೆಯೂ ಅಲ್ಲೇ ಹುಟ್ಟುತ್ತದೆ. ಪ್ರೋಗ್ರಾಂ ಬರೆದವರಿಗೆ ಫೈಲ್ ದೂರದಲ್ಲಿದೆ ಎಂಬುದು ನೆನಪಿರುವುದಿಲ್ಲ. ಇದೇ ಸನ್ ಕಂಪನಿಯಲ್ಲಿದ್ದ ಎಲ್. ಪೀಟರ್ ಡಾಯ್ಚ್ 1994ರ ಸುಮಾರಿಗೆ ನೆಟ್‌ವರ್ಕ್ ಮೇಲೆ ಪ್ರೋಗ್ರಾಂ ಬರೆಯುವವರ ತಪ್ಪು ನಂಬಿಕೆಗಳ ಒಂದು ಪಟ್ಟಿ ಮಾಡಿದರು. ನೆಟ್‌ವರ್ಕ್ ಎಂದೂ ಕೈಕೊಡುವುದಿಲ್ಲ ಎನ್ನುವುದು ಮೊದಲನೆಯದು. ಹೋಗಿ ಬರಲು ಸಮಯವೇ ಹಿಡಿಯುವುದಿಲ್ಲ ಎನ್ನುವುದು ಎರಡನೆಯದು. ಮೂವತ್ತು ವರ್ಷ ಕಳೆದರೂ ಈ ಎರಡನೆಯ ನಂಬಿಕೆ ನಮ್ಮ ಆಫೀಸುಗಳಿಂದ ಹೋಗಿಲ್ಲ.

ದರ್ಶಿನಿ ಹೋಟೆಲನ್ನು ನೆನಪಿಸಿಕೊಳ್ಳಿ. ಮಸಾಲೆ ದೋಸೆ ಕೈಗೆ ಸಿಗಲು ಮೂರು ಕಡೆ ತಡವಾಗಬಹುದು. ಒಂದು, ಕ್ಯಾಷ್ ಕೌಂಟರಿನಲ್ಲಿ ಟೋಕನ್ ಪಡೆಯುವ ಸಾಲು. ಎರಡು, ಅಲ್ಲಿಂದ ದೋಸೆ ಕೌಂಟರಿಗೆ ನಡೆದು ಹೋಗಿ ಬರುವ ದೂರ. ಮೂರು, ಕಾವಲಿಯ ಮೇಲೆ ದೋಸೆ ಬೇಯುವ ಹೊತ್ತು. ಶೇರಿನಿಂದ ಫೈಲ್ ಓದುವಾಗಲೂ ಇದೇ ಕತೆ. ನಿಮ್ಮ ಯಂತ್ರದೊಳಗಿನ ಸಾಲು, ನೆಟ್‌ವರ್ಕಿನ ಪಯಣ, ಆ ತುದಿಯ ಸರ್ವರ್ ಮತ್ತು ಡಿಸ್ಕಿನ ಕೆಲಸ. ಮೂರೂ ಸೇರಿ ನಿಮಗೆ ಕಾಣುವ ‘ಸ್ಲೋ’. ಟೋಕನ್ ಸಾಲು ಉದ್ದವಿರುವಾಗ ಇನ್ನೊಂದು ಕಾವಲಿ ತಂದಿಟ್ಟರೆ ದೋಸೆ ಬೇಗ ಬರುತ್ತದೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಆದರೂ ಲಕ್ಷಾಂತರ ರೂಪಾಯಿಯ ಡಿಸ್ಕುಗಳ ಖರೀದಿ ಎಷ್ಟೋ ಕಡೆ ನಡೆಯುವುದು ಹೀಗೆಯೇ.

ಇದನ್ನು ಬಿಡಿಸಿ ನೋಡುವ ಸಲಕರಣೆಗಳು ಲಿನಕ್ಸಿನಲ್ಲಿ ಉಚಿತವಾಗಿವೆ. ಎನ್‌ಎಫ್‌ಎಸ್ ಬಳಸುವ ಯಂತ್ರಗಳಿಗೆ ‘ಎನ್‌ಎಫ್‌ಎಸ್‌ಐಒಸ್ಟ್ಯಾಟ್’ ಎಂಬ ಕಮಾಂಡ್ ಇದೆ. ಅದರ ಮುಂದೆ 5 ಎಂದು ಬರೆದು, ಶೇರ್ ಕೂಡಿಸಿರುವ ಫೋಲ್ಡರಿನ ಹೆಸರು ಕೊಟ್ಟರೆ, ಐದು ಸೆಕೆಂಡಿಗೊಮ್ಮೆ ಲೆಕ್ಕ ಒಪ್ಪಿಸುತ್ತದೆ. ಅದರಲ್ಲಿ ಎರಡು ಕಾಲಂಗಳನ್ನು ನೋಡಿದರೆ ಅರ್ಧ ಕೆಲಸ ಮುಗಿಯಿತು. ಒಂದು ‘ಆರ್‌ಟಿಟಿ’: ಬೇಡಿಕೆ ಯಂತ್ರದಿಂದ ಹೊರಟು ಉತ್ತರ ವಾಪಸ್ ಬರುವವರೆಗಿನ ಸರಾಸರಿ ಸಮಯ, ಮಿಲಿಸೆಕೆಂಡುಗಳಲ್ಲಿ. ಇನ್ನೊಂದು ‘ಎಕ್ಸಿ’: ಬೇಡಿಕೆ ನಮ್ಮ ಯಂತ್ರದೊಳಗೆ ಹುಟ್ಟಿದ ಕ್ಷಣದಿಂದ ಪೂರ್ತಿ ಮುಗಿಯುವವರೆಗಿನ ಸಮಯ. ಎಕ್ಸಿಯಿಂದ ಆರ್‌ಟಿಟಿ ಕಳೆದರೆ ಉಳಿಯುವುದು ಟೋಕನ್ ಸಾಲು, ಅಂದರೆ ನಮ್ಮ ಯಂತ್ರದೊಳಗೇ ಕಾದ ಸಮಯ. ಅದು ದೊಡ್ಡದಿದ್ದರೆ ಸರ್ವರಿನವರನ್ನು ಬೈದು ಪ್ರಯೋಜನವಿಲ್ಲ.

ಆರ್‌ಟಿಟಿಯೇ ದೊಡ್ಡದಿದ್ದರೆ ಮುಂದಿನ ಹೆಜ್ಜೆ ‘ಪಿಂಗ್’. ಅದು ಬರೀ ಹೋಗಿ ಬರುವ ದಾರಿಯ ಸಮಯ ಹೇಳುತ್ತದೆ. ಆರ್‌ಟಿಟಿ 40 ಮಿಲಿಸೆಕೆಂಡು ಇದ್ದು, ಪಿಂಗ್ 1 ಮಿಲಿಸೆಕೆಂಡಿನೊಳಗೆ ಇದ್ದರೆ, ಮೊದಲು ಸರ್ವರ್ ತುದಿಯನ್ನು ನೋಡಬೇಕು. ಪಿಂಗ್ ಕಳಿಸುವುದು ಚಿಕ್ಕ ಪೊಟ್ಟಣ. ದೊಡ್ಡ ದೊಡ್ಡ ತುಂಡುಗಳನ್ನು ಓದುತ್ತಿದ್ದರೆ ಅವು ಲಿಂಕಿನ ಮೇಲೆ ಸಾಗುವ ಸಮಯವೂ ಆರ್‌ಟಿಟಿಯಲ್ಲಿ ಸೇರಿರುತ್ತದೆ ಎಂಬುದು ನೆನಪಿರಲಿ. ಹಾಗೆಯೇ ‘ರಿಟ್ರಾನ್ಸ್’ ಕಾಲಂ ಸೊನ್ನೆ ಬಿಟ್ಟು ಏರುತ್ತಿದ್ದರೆ ಕಳಿಸಿದ್ದನ್ನೇ ಮತ್ತೆ ಕಳಿಸಬೇಕಾಗುತ್ತಿದೆ ಎಂದರ್ಥ. ಆಗ ದಾರಿಯನ್ನೂ, ಉತ್ತರ ಕೊಡಲಾಗದೆ ತಡಮಾಡುವ ಸರ್ವರನ್ನೂ ಎರಡನ್ನೂ ಅನುಮಾನಿಸಬೇಕು.

ಸರ್ವರಿನ ಮೇಲೆ ಓಡಿಸಬೇಕಾದದ್ದು ‘ಐಒಸ್ಟ್ಯಾಟ್’. ಫ್ರಾನ್ಸಿನ ಸೆಬಾಸ್ಟಿಯನ್ ಗೊದಾರ್ ಬರೆದು ವರ್ಷಗಳಿಂದ ನೋಡಿಕೊಂಡು ಬಂದಿರುವ ‘ಸಿಸ್‌ಸ್ಟ್ಯಾಟ್’ ಎಂಬ ಗುಂಪಿನಲ್ಲಿ ಅದು ಸಿಗುತ್ತದೆ. ‘ಮೈನಸ್ ಎಕ್ಸ್’ ಸೇರಿಸಿ ಓಡಿಸಿದರೆ ಪ್ರತಿ ಡಿಸ್ಕಿಗೂ ಓದುವ ಬೇಡಿಕೆ ಎಷ್ಟು ಹೊತ್ತು ಕಾಯಿತು, ಬರೆಯುವ ಬೇಡಿಕೆ ಎಷ್ಟು ಹೊತ್ತು ಕಾಯಿತು, ಸರಾಸರಿ ಸಾಲು ಎಷ್ಟು ಉದ್ದ ಎಂಬುದು ಸಿಗುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಳೆಯ ಬಗೆಯ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಜೊತೆಗೆ ತಲೆ ಸರಿಯುವ ಸಮಯ. ಹಾಗಾಗಿ ಅಲ್ಲಲ್ಲಿ ಚದುರಿದ ಓದಿಗೆ ಹತ್ತು ಮಿಲಿಸೆಕೆಂಡು ಆ ಡಿಸ್ಕಿನ ಸಹಜ ನಡಿಗೆ, ಅದನ್ನು ರೋಗ ಎನ್ನಲಾಗದು. ಎಸ್‌ಎಸ್‌ಡಿಯಲ್ಲಿ ಅದೇ ಹತ್ತು ಮಿಲಿಸೆಕೆಂಡು ಕಂಡರೆ ಏನೋ ಸರಿಯಿಲ್ಲ. ಅಂಕಿ ಒಂದೇ, ಅರ್ಥ ಬೇರೆ. ಇದನ್ನು ತಿಳಿದವರು ಪಕ್ಕದಲ್ಲಿ ಕೂತು ಹೇಳಿಕೊಡಬೇಕು.

ಒಂದು ನಿಜ ಪ್ರಸಂಗ ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಒಂದು ಸೋಮವಾರ ಬೆಳಿಗ್ಗೆಯಿಂದ ಪುಣೆಯ ಡೆವಲಪರುಗಳ ಬಿಲ್ಡ್ ಕೆಲಸ ಅರ್ಧ ನಿಮಿಷದ ಬದಲು ಹನ್ನೊಂದು ನಿಮಿಷ ಹಿಡಿಯತೊಡಗಿತು. ಮೂರು ದಿನ ಮೀಟಿಂಗ್ ಮೇಲೆ ಮೀಟಿಂಗ್. ಸ್ಟೋರೇಜ್ ತಂಡ ನೆಟ್‌ವರ್ಕ್ ಕಡೆ ಬೆರಳು ತೋರಿತು. ನೆಟ್‌ವರ್ಕ್ ತಂಡ ಸ್ಟೋರೇಜ್ ಕಡೆ ತೋರಿತು. ಕೊನೆಗೆ ಇಬ್ಬರೂ ಒಪ್ಪಿಕೊಂಡ ಒಂದೇ ಮಾತೆಂದರೆ, ಕಳೆದ ವಾರ ಬ್ಯಾಕಪ್ ಸ್ಕ್ರಿಪ್ಟ್ ಬದಲಾಯಿಸಿದ್ದು ನೈಟ್ ಶಿಫ್ಟಿನ ಹುಡುಗ ಎನ್ನುವುದು. ಚಾಮರಾಜನಗರ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಐದು ತಿಂಗಳು, ಕಾಂಟ್ರ್ಯಾಕ್ಟ್ ಮೇಲೆ ಇದ್ದವನು. ಮೀಟಿಂಗ್ ಹಿಂದಿಯಲ್ಲಿ ಓಡುತ್ತಿತ್ತು. ಅವನಿಗೆ ಮಾತು ಅರ್ಥವಾಗುತ್ತಿತ್ತು, ಆ ವೇಗದಲ್ಲಿ ಉತ್ತರ ಕೊಡಲು ಆಗುತ್ತಿರಲಿಲ್ಲ. ಹೊರಗೆ ಬಂದು ನನಗೆ ಹೇಳಿದ: ‘ಅಣ್ಣ, ನನ್ ಬ್ಯಾಕಪ್ಪು ಬೆಳಗಿನ್ ಜಾವ ನಾಲ್ಕಕ್ಕೇ ಮುಗ್ದೋಗುತ್ತೆ. ಇವ್ರು ಕೆಲ್ಸ ಶುರು ಮಾಡೋದೇ ಹತ್ತಕ್ಕೆ. ಯಾರೂ ಕೇಳ್ತಾನೇ ಇಲ್ಲ.’

ಅವನು ಹೇಳಿದ್ದು ನಿಜವೋ ಅಲ್ಲವೋ ನೋಡಲು ಅರ್ಧ ಗಂಟೆ ಸಾಕಾಯಿತು. ಇಬ್ಬರೂ ಪಕ್ಕ ಪಕ್ಕ ಕೂತೆವು. ಸಿಸ್‌ಸ್ಟ್ಯಾಟ್ ಗುಂಪಿನಲ್ಲೇ ‘ಸಾರ್’ ಎಂಬ ಇನ್ನೊಂದು ಕಮಾಂಡ್ ಇದೆ. ಅದರ ಸಂಗ್ರಹವನ್ನು ಚಾಲೂ ಇಟ್ಟಿದ್ದರೆ ಹಿಂದಿನ ದಿನಗಳ ಲೆಕ್ಕವನ್ನೂ ತೆಗೆದು ತೋರಿಸುತ್ತದೆ. ಸರ್ವರಿನ ಡಿಸ್ಕುಗಳು ರಾತ್ರಿ ಎರಡರಿಂದ ನಾಲ್ಕರವರೆಗೆ ದುಡಿದು, ಆಮೇಲೆ ತಣ್ಣಗೆ ಕೂತಿದ್ದವು. ಬೆಳಿಗ್ಗೆ ಹತ್ತರ ಮೇಲೆ ಡಿಸ್ಕಿನಲ್ಲಿ ಕಾಯುವ ಸಮಯ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಅಲ್ಲಿಗೆ ಬ್ಯಾಕಪ್ ಮೇಲಿನ ಅನುಮಾನವೂ ಡಿಸ್ಕಿನ ಮೇಲಿನ ಅನುಮಾನವೂ ಹೋಯಿತು. ಪುಣೆಯ ಯಂತ್ರದಲ್ಲಿ ಎನ್‌ಎಫ್‌ಎಸ್‌ಐಒಸ್ಟ್ಯಾಟ್ ತೋರಿಸಿದ ಆರ್‌ಟಿಟಿ 14 ಮಿಲಿಸೆಕೆಂಡು, ಎಕ್ಸಿ ಕೂಡ ಹೆಚ್ಚುಕಡಿಮೆ ಅಷ್ಟೇ. ಪಿಂಗ್ ನೋಡಿದರೆ ಅದೂ 13ರ ಮೇಲೆ. ರಿಟ್ರಾನ್ಸ್ ಸೊನ್ನೆ. ಡಿಸ್ಕ್ ಚೆನ್ನಾಗಿದೆ, ನೆಟ್‌ವರ್ಕ್ ಚೆನ್ನಾಗಿದೆ, ಸಾಲು ಎಲ್ಲೂ ಇಲ್ಲ. ಇರುವುದು ದೂರ ಒಂದೇ.

ಹಿಂದಿನ ವಾರಾಂತ್ಯದಲ್ಲಿ ಆ ಶೇರನ್ನು ಪುಣೆಯ ಕಟ್ಟಡದಿಂದ ಬೆಂಗಳೂರಿನ ಡೇಟಾ ಸೆಂಟರಿಗೆ ಸ್ಥಳಾಂತರಿಸಿದ್ದರು. ಈ ಸಂಗತಿ ಎಲ್ಲರಿಗೂ ಗೊತ್ತಿತ್ತು. ಹೊಸ ಡಿಸ್ಕ್ ಹಳೆಯದಕ್ಕಿಂತ ವೇಗದ್ದು, ಲಿಂಕೂ ಸಾಕಷ್ಟು ದೊಡ್ಡದು, ಅದು ಕಾರಣವಾಗಲಾರದು ಎಂದು ಪಕ್ಕಕ್ಕಿಟ್ಟಿದ್ದರು. ಈಗ ಲೆಕ್ಕ ಹಾಕಿ. ಬಿಲ್ಡ್ ಓದುತ್ತಿದ್ದದ್ದು ಸುಮಾರು 12,000 ಚಿಕ್ಕ ಫೈಲುಗಳನ್ನು, ಒಂದು ಮುಗಿದ ಮೇಲೆ ಇನ್ನೊಂದರಂತೆ. ಫೈಲ್ ಹುಡುಕಲು, ತೆರೆಯಲು, ಓದಲು, ಮುಚ್ಚಲು ಒಂದೊಂದಕ್ಕೂ ನಾಲ್ಕು ಬಾರಿ ಹೋಗಿ ಬರಬೇಕು ಎಂದಿಟ್ಟುಕೊಳ್ಳಿ. 48,000 ಪ್ರಯಾಣ, ಒಂದಕ್ಕೆ 14 ಮಿಲಿಸೆಕೆಂಡು. ಒಟ್ಟು 672 ಸೆಕೆಂಡು, ಅಂದರೆ ಹನ್ನೊಂದು ನಿಮಿಷದ ಮೇಲೆ. ಅದೇ ಕಟ್ಟಡದಲ್ಲಿದ್ದಾಗ ಒಂದು ಪ್ರಯಾಣಕ್ಕೆ ಅರ್ಧ ಮಿಲಿಸೆಕೆಂಡು ಹಿಡಿಯುತ್ತಿತ್ತು, ಒಟ್ಟು 24 ಸೆಕೆಂಡು.

ಪುಣೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 840 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ ರಸ್ತೆಯ ಗುಂಟವೇ ಹೋಗಿದೆ ಎಂದುಕೊಂಡರೂ ಹೋಗಿ ಬರಲು 8.4 ಮಿಲಿಸೆಕೆಂಡು ಬೇಕೇ ಬೇಕು. ನಡುವಿನ ಸಲಕರಣೆಗಳು, ಕೇಬಲಿನ ಸುತ್ತುಬಳಸು ಸೇರಿದರೆ 13 ಅಥವಾ 14 ಆಗುವುದು ಸಹಜ. ಎಷ್ಟು ದೊಡ್ಡ ಲಿಂಕ್ ಕೊಂಡರೂ ಬೆಳಕಿನ ವೇಗವನ್ನು ಯಾರೂ ಹೆಚ್ಚಿಸಲಾರರು. ಹೆದ್ದಾರಿಯನ್ನು ಆರು ಲೇನಿನಿಂದ ಹನ್ನೆರಡು ಲೇನಿಗೆ ಅಗಲಿಸಿದರೆ ಹೆಚ್ಚು ಬಸ್ಸು ಓಡಬಹುದು, ಬೆಂಗಳೂರು ಪುಣೆಗೆ ಹತ್ತಿರ ಬರುವುದಿಲ್ಲ. ಆದರೆ ಮೂರನೆಯ ದಿನದ ಮೀಟಿಂಗಿನಲ್ಲಿ ಚರ್ಚೆಯಾಗುತ್ತಿದ್ದದ್ದು ಲಿಂಕನ್ನು ದ್ವಿಗುಣಗೊಳಿಸುವ ಖರೀದಿ ಪ್ರಸ್ತಾವವೇ!

ಪರಿಹಾರ ಸರಳವಾಗಿತ್ತು. ಆ 12,000 ಫೈಲುಗಳನ್ನು ಬೆಂಗಳೂರಿನಲ್ಲೇ ಒಂದು ಗಂಟು ಕಟ್ಟಿ, ಪುಣೆಗೆ ಒಂದೇ ಸಲ ತಂದು, ಇಲ್ಲಿನ ಡಿಸ್ಕಿನಲ್ಲಿ ಬಿಚ್ಚುವುದು. ಎಲ್ಲ ಸೇರಿ 240 ಮೆಗಾಬೈಟ್. ಸೆಕೆಂಡಿಗೆ 12 ಮೆಗಾಬೈಟ್ ಬಂದರೂ 20 ಸೆಕೆಂಡಿನ ಕೆಲಸ. ಆಮೇಲಿನ ಓದೆಲ್ಲ ಸ್ವಂತ ಡಿಸ್ಕಿನಿಂದ. ಒಂದು ಪೈಸೆ ಖರ್ಚಿಲ್ಲದೆ ಕೆಲಸ ಮೊದಲಿನ ಹದಕ್ಕೆ ಬಂತು. ಹುಡುಗನ ಮೇಲಿನ ದೂರನ್ನು ಯಾರೂ ಬಾಯಿಬಿಟ್ಟು ವಾಪಸ್ ಪಡೆಯಲಿಲ್ಲ. ಮುಂದೆ ಆ ಮಾತು ಬರಲಿಲ್ಲ, ಅಷ್ಟೇ. ಆದರೆ ಅವನ ಟಿಕೆಟ್ಟಿನಲ್ಲಿ ನಾಲ್ಕು ಅಂಕಿಗಳು, ಅವುಗಳ ಸಮಯದ ಸಮೇತ, ಇದ್ದವು. ಅವನು ಹಿಂದಿಯಲ್ಲಿ ಹೇಳಲಾಗದ್ದನ್ನು ಆ ಅಂಕಿಗಳು ಹೇಳಿದವು.

ಅಂಕಿ ಓದುವುದಕ್ಕೂ ಒಂದು ರೀತಿ ಇದೆ. ಹೊಸಬರು ಎಡವುವ ನಾಲ್ಕೈದು ಜಾಗಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಐಒಸ್ಟ್ಯಾಟ್ ತೋರಿಸುವ ಮೊದಲ ಲೆಕ್ಕ ಯಂತ್ರ ಚಾಲೂ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಎನ್‌ಎಫ್‌ಎಸ್‌ಐಒಸ್ಟ್ಯಾಟ್‌ನ ಮೊದಲ ಲೆಕ್ಕ ಶೇರ್ ಕೂಡಿಸಿದಾಗಿನಿಂದ. ಮೂರು ತಿಂಗಳ ಸರಾಸರಿಯಲ್ಲಿ ಈಗಿನ ಹತ್ತು ನಿಮಿಷದ ಸಂಕಟ ಕಾಣುವುದೇ ಇಲ್ಲ. ಮೊದಲ ಲೆಕ್ಕವನ್ನು ಬಿಟ್ಟು ಎರಡನೆಯದರಿಂದ ಓದಬೇಕು.

ಎರಡನೆಯದು ‘ಯುಟಿಲ್’ ಎಂಬ ಶೇಕಡಾ ಕಾಲಂ. ಅದು 100 ಮುಟ್ಟಿತು ಎಂದು ಗಾಬರಿಯಾಗುವವರೇ ಹೆಚ್ಚು. ಅದು ಹೇಳುವುದು ಡಿಸ್ಕಿಗೆ ಏನಾದರೂ ಕೆಲಸ ಇದ್ದ ಸಮಯ ಎಷ್ಟು ಎಂದು ಮಾತ್ರ. ಎಂಟು ದೋಸೆ ಹಿಡಿಯುವ ಕಾವಲಿಯ ಮೇಲೆ ಸದಾ ಒಂದೇ ದೋಸೆ ಇದ್ದರೂ ಕಾವಲಿ ‘ನೂರಕ್ಕೆ ನೂರು ಕೆಲಸದಲ್ಲಿದೆ’. ಇನ್ನೂ ಏಳಕ್ಕೆ ಜಾಗ ಇದೆ. ಹಲವು ಬೇಡಿಕೆಗಳನ್ನು ಒಟ್ಟಿಗೇ ನಿಭಾಯಿಸುವ ಎಸ್‌ಎಸ್‌ಡಿ ಮತ್ತು ರೇಡ್ ವ್ಯವಸ್ಥೆಗಳಿಗೆ ಈ ಅಂಕಿ ಅವುಗಳ ಮಿತಿಯನ್ನು ತೋರಿಸುವುದಿಲ್ಲ ಎಂದು ಆ ಕಮಾಂಡಿನ ಕೈಪಿಡಿಯೇ ಹೇಳುತ್ತದೆ. ಕಾಯುವ ಸಮಯ ಮತ್ತು ಸಾಲಿನ ಉದ್ದ, ಇವೆರಡನ್ನು ನಂಬಿ.

ಮೂರನೆಯದು ಈ ಎರಡನ್ನೂ ಕೂಡಿಸುವ ಸೂತ್ರ. ಎಂ.ಟೆಕ್. ಓದುವಾಗ ಕ್ಯೂಯಿಂಗ್ ಥಿಯರಿಯನ್ನು ಪರೀಕ್ಷೆಗೆಂದು ಓದಿದ್ದೆ. ಕೆಲಸಕ್ಕೆ ಬಂದಿದ್ದು ಪುಣೆಗೆ ಬಂದ ಮೇಲೆ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ ಅದು: ಸಾಲಿನಲ್ಲಿರುವವರ ಸರಾಸರಿ ಸಂಖ್ಯೆ ಎಂದರೆ ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬರು ಅಲ್ಲಿ ಕಳೆಯುವ ಸಮಯದಿಂದ ಗುಣಿಸಿದ್ದು. ಸೆಕೆಂಡಿಗೆ 200 ಬೇಡಿಕೆ, ಒಂದಕ್ಕೆ 5 ಮಿಲಿಸೆಕೆಂಡು ಎಂದರೆ ಸರಾಸರಿ ಒಂದೇ ಬೇಡಿಕೆ ಅಲ್ಲಿರುತ್ತದೆ. ಅದೇ 200ಕ್ಕೆ ಸಾಲು 20 ಇದ್ದರೆ ಪ್ರತಿಯೊಂದೂ 100 ಮಿಲಿಸೆಕೆಂಡು ಕಾಯುತ್ತಿದೆ. ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. ರೇಷನ್ ಅಂಗಡಿಯ ಸಾಲಿಗೂ ಇದೇ ಲೆಕ್ಕ.

ನಾಲ್ಕನೆಯದು ಮೆಮೊರಿಯ ಮೋಸ. ‘ಡಿಡಿ’ ಕಮಾಂಡಿನಿಂದ ಒಂದು ಗಿಗಾಬೈಟ್ ಬರೆದು ‘ನಮ್ಮ ಡಿಸ್ಕ್ ಸೆಕೆಂಡಿಗೆ ಎರಡು ಗಿಗಾಬೈಟ್ ಬರೆಯುತ್ತದೆ’ ಎಂದು ಹೆಮ್ಮೆ ಪಡುವವರಿದ್ದಾರೆ. ಲಿನಕ್ಸ್ ಅದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ‘ಆಯಿತು’ ಎಂದು ಹೇಳಿ, ಆಮೇಲೆ ನಿಧಾನವಾಗಿ ಡಿಸ್ಕಿಗೆ ಇಳಿಸುತ್ತದೆ. ಓದುವಾಗಲೂ ಹಾಗೆಯೇ. ಎರಡನೆಯ ಸಲ ಓದಿದ್ದು ಮೆಮೊರಿಯಿಂದ ಬಂದಿರುತ್ತದೆ. ಡಿಸ್ಕಿಗೆ ಮುಟ್ಟುವವರೆಗೆ ಕಾದು ಲೆಕ್ಕ ಕೊಡು ಎಂದು ‘ಎಫ್‌ಡೇಟಾಸಿಂಕ್’ ಆಯ್ಕೆಯನ್ನು ಸೇರಿಸಿದರೆ ಮಾತ್ರ ನಿಜ ಹೊರಬೀಳುತ್ತದೆ.

ಐದನೆಯದು ‘ಲೋಡ್ ಆವರೇಜ್’. ಲಿನಕ್ಸಿನಲ್ಲಿ ಈ ಅಂಕಿ ಸಿಪಿಯುಗೆ ಸಾಲು ನಿಂತವರನ್ನು ಮಾತ್ರವಲ್ಲ, ಡಿಸ್ಕ್ ಅಥವಾ ಎನ್‌ಎಫ್‌ಎಸ್ ಉತ್ತರಕ್ಕೆ ಕಾದು ಕೂತ ಪ್ರೋಗ್ರಾಂಗಳನ್ನೂ ಎಣಿಸುತ್ತದೆ. ಸರ್ವರ್ ಸತ್ತು ಶೇರ್ ನಿಂತಾಗ ಲೋಡ್ 80, 100 ಎಂದು ಏರುತ್ತದೆ, ಸಿಪಿಯು ಮಾತ್ರ ನಿದ್ದೆ ಮಾಡುತ್ತಿರುತ್ತದೆ. ಅದನ್ನು ನೋಡಿ ಹೆಚ್ಚು ಸಿಪಿಯು ಕೇಳುವುದು ವ್ಯರ್ಥ. ‘ವಿಎಂಸ್ಟ್ಯಾಟ್’ನ ‘ಬಿ’ ಕಾಲಂ ನೋಡಿದರೆ ಹೀಗೆ ಕಾದು ಕೂತವರೆಷ್ಟು ಎಂದು ಗೊತ್ತಾಗುತ್ತದೆ. ಇಂಥ ಹೊತ್ತಿನಲ್ಲಿ ಜಾಗ ನೋಡಲು ‘ಡಿಎಫ್’ ಓಡಿಸಿದರೆ ಅದೂ ಸತ್ತ ಶೇರಿನ ಉತ್ತರಕ್ಕೆ ಕಾಯುತ್ತಾ ನಿಂತುಬಿಡುತ್ತದೆ. ಸ್ವಂತ ಡಿಸ್ಕುಗಳನ್ನಷ್ಟೇ ನೋಡಲು ‘ಮೈನಸ್ ಎಲ್’ ಸೇರಿಸಿ.

ವಿಂಡೋಸ್ ಬಳಸುವ ಲೆಕ್ಕಪತ್ರದ ಆಫೀಸು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಇದು ನಮಗಲ್ಲ ಎಂದುಕೊಳ್ಳಬೇಕಿಲ್ಲ. ‘ಟೈಪ್‌ಪರ್ಫ್’ ಎಂಬ ಕಮಾಂಡ್ ವಿಂಡೋಸಿನಲ್ಲೇ ಇದೆ. ‘ಫಿಸಿಕಲ್ ಡಿಸ್ಕ್’ ಗುಂಪಿನಲ್ಲಿ ಒಂದು ವರ್ಗಾವಣೆಗೆ ಹಿಡಿದ ಸರಾಸರಿ ಸಮಯ, ‘ಎಸ್‌ಎಂಬಿ ಕ್ಲೈಂಟ್ ಶೇರ್ಸ್’ ಗುಂಪಿನಲ್ಲಿ ಶೇರಿನ ಒಂದು ಬೇಡಿಕೆಗೆ ಹಿಡಿದ ಸಮಯ ಸಿಗುತ್ತದೆ. ಇಲ್ಲಿ ಲೆಕ್ಕ ಸೆಕೆಂಡಿನಲ್ಲಿ ಬರುತ್ತದೆ, 0.020 ಎಂದರೆ 20 ಮಿಲಿಸೆಕೆಂಡು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಡ ಈ ತುದಿಯದೋ ಆ ತುದಿಯದೋ ಎಂಬುದು ಬಯಲಾಗುತ್ತದೆ.

‘ಇದಕ್ಕೆಲ್ಲ ಈಗ ಡ್ಯಾಶ್‌ಬೋರ್ಡುಗಳಿವೆಯಲ್ಲ, ಕಪ್ಪು ಪರದೆಯ ಮೇಲೆ ಯಾಕೆ ಒದ್ದಾಡಬೇಕು’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನೂರಾರು ಯಂತ್ರಗಳನ್ನು ಒಟ್ಟಿಗೆ ನೋಡಲು, ತಿಂಗಳುಗಟ್ಟಲೆ ಏರಿಳಿತ ಗಮನಿಸಲು ಡ್ಯಾಶ್‌ಬೋರ್ಡ್ ಬೇಕೇ ಬೇಕು. ಚಿತ್ರದಲ್ಲಿ ಕಂಡದ್ದು ಅಂಕಿಯಲ್ಲಿ ತಪ್ಪಿಹೋಗಬಹುದು. ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ ಸನ್ ಕಂಪನಿಯಲ್ಲಿದ್ದಾಗ 2008ರ ಕೊನೆಯಲ್ಲಿ ಡಿಸ್ಕುಗಳ ಸಾಲಿನ ಎದುರು ನಿಂತು ಜೋರಾಗಿ ಕೂಗಿದರು. ಆ ಅದುರಿಗೆ ಡಿಸ್ಕಿನ ಕಾಯುವ ಸಮಯ ಏರಿದ್ದು ಪರದೆಯ ನಕ್ಷೆಯಲ್ಲಿ ಕಂಡಿತು. ಅದರ ವಿಡಿಯೊ ನಮ್ಮ ವೃತ್ತಿಯವರಲ್ಲಿ ಹೆಸರುವಾಸಿ. ಮೀಟಿಂಗಿನಲ್ಲಿ ಕೂಗಾಡುವ ಮ್ಯಾನೇಜರುಗಳು ಅದನ್ನು ಒಮ್ಮೆ ನೋಡುವುದು ಒಳ್ಳೆಯದು. ಕೂಗಿದರೆ ಡಿಸ್ಕ್ ಇನ್ನಷ್ಟು ನಿಧಾನವಾಗುತ್ತದೆ!

ಆದರೂ ಕಮಾಂಡ್ ಲೈನ್ ಬಿಟ್ಟು ಡ್ಯಾಶ್‌ಬೋರ್ಡ್ ಮಾತ್ರ ಕಲಿಯುವುದನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಡ್ಯಾಶ್‌ಬೋರ್ಡುಗಳು ನಿಮಿಷಕ್ಕೋ ಐದು ನಿಮಿಷಕ್ಕೋ ಒಂದು ಸರಾಸರಿ ತೋರಿಸುತ್ತವೆ. ಹತ್ತು ಸೆಕೆಂಡಿನ ತಡೆ ಅದರಲ್ಲಿ ಕರಗಿಹೋಗುತ್ತದೆ. ನೆಟ್‌ವರ್ಕ್ ಕೆಟ್ಟ ದಿನ ಡ್ಯಾಶ್‌ಬೋರ್ಡಿಗೂ ಅದೇ ನೆಟ್‌ವರ್ಕ್. ಯಾವ ಕಾಲಂ ತೋರಿಸಬೇಕು, ಯಾವುದನ್ನು ಕೆಂಪು ಮಾಡಬೇಕು ಎಂದು ಅದನ್ನು ಕಟ್ಟಿದವರು ಮೊದಲೇ ತೀರ್ಮಾನಿಸಿರುತ್ತಾರೆ. ಬಹಳ ಕಡೆ ಕೆಂಪಾಗುವುದು ಆ ಯುಟಿಲ್ ಅಂಕಿಯೇ. ಎಲ್ಲಕ್ಕಿಂತ ಮುಖ್ಯವಾಗಿ, ಡ್ಯಾಶ್‌ಬೋರ್ಡಿನ ಅನುಮತಿ ಸಾಮಾನ್ಯವಾಗಿ ಮೇಲಿನವರ ಕೈಯಲ್ಲಿರುತ್ತದೆ. ಕಮಾಂಡ್ ಲೈನ್ ಕೆಳಗಿನವರ ಕೈಯಲ್ಲಿರುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ, ಕುಂಟುವ ಲಿಂಕಿನ ಮೇಲೂ, ಅದು ಕೆಲಸ ಮಾಡುತ್ತದೆ. ಸಿಕ್ಕ ಉತ್ತರವನ್ನು ಹಾಗೆಯೇ ಟಿಕೆಟ್ಟಿಗೆ ಅಂಟಿಸಬಹುದು.

ಅಂಕಿಯನ್ನೂ ಆಯುಧ ಮಾಡಿಕೊಳ್ಳುವವರಿದ್ದಾರೆ ಎಂಬ ಮಾತನ್ನು ಅಲ್ಲಗಳೆಯುವುದಿಲ್ಲ. ತನಗೆ ಬೇಕಾದ ಐದು ಸೆಕೆಂಡನ್ನು ಆಯ್ದು ತೋರಿಸಿ ಇನ್ನೊಬ್ಬರ ಮೇಲೆ ಗೂಬೆ ಕೂರಿಸಬಹುದು. ಆ ಕಾರಣಕ್ಕೇ ಅಳತೆ ಒಬ್ಬರ ಸ್ವತ್ತಾಗಬಾರದು. ಶೇರ್ ಬಳಸುವವರು, ನೆಟ್‌ವರ್ಕಿನವರು, ಸ್ಟೋರೇಜಿನವರು ಮೂವರೂ ಅದೇ ಹೊತ್ತಿನಲ್ಲಿ ಅಳೆದು ಒಂದೇ ಹಾಳೆಯ ಮೇಲೆ ಬರೆಯಬೇಕು. ಆಗ ಅಂಕಿ ಜಗಳ ಹಚ್ಚುವುದಿಲ್ಲ, ತೀರಿಸುತ್ತದೆ.

ಇದಕ್ಕಾಗಿ ನನ್ನದು ಮೂರು ಸಲಹೆ. ಮೊದಲನೆಯದು, ಎಲ್ಲ ಸರಿ ಇರುವ ದಿನ ಅಳೆದಿಡಿ. ಆರೋಗ್ಯವಾಗಿದ್ದಾಗಿನ ರಕ್ತದೊತ್ತಡ ಗೊತ್ತಿಲ್ಲದಿದ್ದರೆ ಜ್ವರದ ದಿನದ ಅಂಕಿ ನೋಡಿ ವೈದ್ಯರೂ ಏನು ಹೇಳಲಾದೀತು? ವಾರದ ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಐದೈದು ನಿಮಿಷ ಸಾಕು. ಎರಡನೆಯದು, ‘ಸ್ಲೋ’ ಎಂದಷ್ಟೇ ಬರೆದ ಟಿಕೆಟ್ ಕಳಿಸಬೇಡಿ. ಯಾವ ಯಂತ್ರ, ಯಾವ ಫೋಲ್ಡರ್, ಎಷ್ಟು ಗಂಟೆಗೆ, ಆರ್‌ಟಿಟಿ ಎಷ್ಟು, ಎಕ್ಸಿ ಎಷ್ಟು, ಪಿಂಗ್ ಎಷ್ಟು, ಇಷ್ಟನ್ನು ಬರೆಯಿರಿ. ಹಾಗೆಯೇ ‘ನೆಟ್‌ವರ್ಕ್ ಇಶ್ಯೂ’ ಎಂದು ಅಂಕಿಯಿಲ್ಲದೆ ಮುಚ್ಚಿದ ಟಿಕೆಟ್ಟನ್ನು ಒಪ್ಪಬೇಡಿ, ಮತ್ತೆ ತೆರೆಯಿರಿ. ಮೂರನೆಯದು ಹಿರಿಯರಿಗೆ: ನಿಮ್ಮ ತಂಡಕ್ಕೆ ಊರ ಕಡೆಯ ಹುಡುಗ ಹುಡುಗಿಯರು ಬಂದರೆ ಮೊದಲ ತಿಂಗಳಲ್ಲೇ ಒಂದು ಗಂಟೆ ಕೂರಿಸಿಕೊಂಡು ಈ ಕಾಲಂಗಳನ್ನು ಹೇಳಿಕೊಡಿ, ಕನ್ನಡದಲ್ಲೇ ಹೇಳಿಕೊಡಿ. ಕ್ಯೂ ಅಂದರೆ ಸಾಲು, ಲೇಟೆನ್ಸಿ ಅಂದರೆ ಕಾಯುವ ಹೊತ್ತು, ಬ್ಯಾಂಡ್‌ವಿಡ್ತ್ ಅಂದರೆ ದಾರಿಯ ಅಗಲ. ದಾರಿಯ ಅಗಲಕ್ಕೂ ದೂರಕ್ಕೂ ಇರುವ ವ್ಯತ್ಯಾಸ ತಾಯಿನುಡಿಯಲ್ಲಿ ಒಮ್ಮೆ ತಲೆಗೆ ಹೋದರೆ ಮತ್ತೆ ಮರೆಯುವುದಿಲ್ಲ.

ಹೊರ ಊರಿನಲ್ಲಿ ದುಡಿಯುವವರಿಗೆ ಮಾತು ಎಷ್ಟು ದೊಡ್ಡ ಆಸ್ತಿ ಎಂದು ಬೇರೆಯವರು ಹೇಳಬೇಕಿಲ್ಲ. ಸ್ಥಳೀಯ ಭಾಷೆ ಚೆನ್ನಾಗಿ ಬರುವವರು ಮೀಟಿಂಗಿನಲ್ಲಿ ಮುಂದೆ ಇರುತ್ತಾರೆ, ನಾವು ವಾಕ್ಯ ಜೋಡಿಸುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಮರಾಠಿಯನ್ನೋ ತೆಲುಗನ್ನೋ ಕಲಿಯಬೇಕು, ಕಲಿಯುತ್ತಲೂ ಇದ್ದೇವೆ. ಅದಕ್ಕೆ ವರ್ಷಗಳು ಹಿಡಿಯುತ್ತವೆ. 14 ಮಿಲಿಸೆಕೆಂಡು ಎಂಬುದು ಮಾತ್ರ ಪುಣೆಯಲ್ಲೂ ಚೆನ್ನೈನಲ್ಲೂ ದಿಲ್ಲಿಯಲ್ಲೂ 14 ಮಿಲಿಸೆಕೆಂಡೇ. ಅದಕ್ಕೆ ಉಚ್ಚಾರಣೆಯ ದೋಷವಿಲ್ಲ, ಹುದ್ದೆಯ ಹಂಗಿಲ್ಲ. ನಾಳೆ ಆಫೀಸಿಗೆ ಹೋದಾಗ, ಯಾರೂ ಏನೂ ದೂರದ ಹೊತ್ತಿನಲ್ಲಿ, ಒಂದು ಸಲ ಆ ಕಮಾಂಡ್ ಓಡಿಸಿ ಎರಡನೆಯ ಲೆಕ್ಕವನ್ನು ಬರೆದಿಟ್ಟುಕೊಳ್ಳಿ. ಮುಂದೊಂದು ದಿನ ಅದು ನಿಮಗೆ ಬೇಕಾಗಬಹುದು. ನಿಮಗಲ್ಲದಿದ್ದರೆ, ನಿಮ್ಮ ಪಕ್ಕದ ಡೆಸ್ಕಿನಲ್ಲಿ ತಲೆ ತಗ್ಗಿಸಿ ಕೂತ ಹೊಸಬನಿಗೆ.